ಪ್ಲೇಟ್‌ಲೆಟ್ ಇಳಿದರೆ ಡೆಂಗ್ಯೂ ಒಂದೇ ಅಲ್ಲ: ರಕ್ತದ ಕ್ಯಾನ್ಸರ್ ಪತ್ತೆ ತಡವಾಗೋದು ಎಲ್ಲಿ?

ಮಳೆಗಾಲ ಬಂತೆಂದರೆ ಲ್ಯಾಬ್‌ಗಳ ಮುಂದೆ ಒಂದೇ ಪ್ರಶ್ನೆ: 'ಪ್ಲೇಟ್‌ಲೆಟ್ ಎಷ್ಟಿದೆ ಸಾರ್?' ಹಣ್ಣಿನಂಗಡಿಯಲ್ಲಿ ಕಿವಿ ಹಣ್ಣಿಗೂ ರೇಟು ಏರುತ್ತೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ ಮೇಲಂತೂ ಜ್ವರದ ಜೊತೆ ಪ್ಲೇಟ್‌ಲೆಟ್ ಇಳಿದರೆ ಡೆಂಗ್ಯೂ ಅಂತಲೇ ಎಲ್ಲರ ಲೆಕ್ಕ. ಹೆಚ್ಚಿನ ಸಲ ಅದು ಸರಿಯೇ. ಆದರೆ ಅಪರೂಪಕ್ಕೊಮ್ಮೆ ಅದು ಅಕ್ಯೂಟ್ ಲುಕೇಮಿಯಾ ಆಗಿರುತ್ತದೆ. ಅಲ್ಲಿ ಒಂದೊಂದು ದಿನಕ್ಕೂ ಬೆಲೆ ಇದೆ.

ಡೆಂಗ್ಯೂನಲ್ಲಿ ಇಳಿದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನಾಗಿ ಏರುತ್ತದೆ. ಏರದಿದ್ದರೆ, ಹಿಮೋಗ್ಲೋಬಿನ್ ಕೂಡ ಕುಸಿಯುತ್ತಿದ್ದರೆ, ಮಗು ಮೂಳೆನೋವು ಅಂತ ರಾತ್ರಿ ಅಳುತ್ತಿದ್ದರೆ 'ಪೆರಿಫೆರಲ್ ಸ್ಮಿಯರ್ ಮಾಡಿಸೋಣವಾ?' ಎಂದು ವೈದ್ಯರನ್ನು ಕೇಳಿ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಹಳೇ ಪರೀಕ್ಷೆ ಅದು. ಯಂತ್ರ ಎಣಿಸಿ ಕೊಡುತ್ತದೆ ಅಷ್ಟೇ. ಬಲಿಯದ ರಕ್ತಕಣ, ಅಂದರೆ ಬ್ಲಾಸ್ಟ್, ಇದೆಯಾ ಅಂತ ಖಚಿತವಾಗಿ ಹೇಳೋದು ಪೆಥಾಲಜಿಸ್ಟ್ ಕಣ್ಣು.

ಬ್ಲಾಸ್ಟ್ ಸಿಕ್ಕರೂ ಕೆಲಸ ಅರ್ಧವೇ. ಮಕ್ಕಳಲ್ಲಿ ಹೆಚ್ಚು ಕಾಣುವ ಲಿಂಫಾಯ್ಡ್ ಬಗೆಯಾ, ದೊಡ್ಡವರಲ್ಲಿ ಹೆಚ್ಚಾದ ಮೈಲಾಯ್ಡ್ ಬಗೆಯಾ? ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ ಕಾಣಬಹುದು, ಔಷಧಿ ಮಾತ್ರ ಪೂರ್ತಿ ಬೇರೆ. ಅದಕ್ಕೆ ಮೂಳೆಮಜ್ಜೆ ತೆಗೆದು ಫ್ಲೋ ಸೈಟೊಮೆಟ್ರಿ, ಕ್ರೋಮೋಸೋಮ್ ಪರೀಕ್ಷೆ ಮಾಡಬೇಕು. ಇದಕ್ಕಾಗಿಯೇ ಬೆಂಗಳೂರಿನ ಕಿದ್ವಾಯಿಯಂಥ ಕಡೆಗೆ ಓಡಬೇಕಾಗೋದು.

ಮೈಲಾಯ್ಡ್‌ನಲ್ಲೇ ಎಪಿಎಲ್ ಅಂತ ಒಂದು ಬಗೆ ಇದೆ. 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ ಬರುವಂಥದ್ದು. ಮೆದುಳಲ್ಲಿ ರಕ್ತಸ್ರಾವವಾಗಿ ಕೆಲವೇ ದಿನದಲ್ಲಿ ಜೀವ ಹೋಗಬಹುದು. ವಿಚಿತ್ರ ಅಂದರೆ, ಸಮಯಕ್ಕೆ ಸಿಕ್ಕಿದರೆ ಅತಿ ಹೆಚ್ಚು ಗುಣವಾಗುವ ಬಗೆಯೂ ಇದೇ. ಮದ್ದು ಎರಡು: ವಿಟಮಿನ್ ಎ ಸಂಬಂಧಿ 'ಅಟ್ರಾ' ಮಾತ್ರೆ, ಇನ್ನೊಂದು ಆರ್ಸೆನಿಕ್. ಹೌದು, ನಾವು ಪಾಷಾಣ ಅನ್ನೋದು! ಎಪಿಎಲ್ ಅನುಮಾನ ಬಂದರೆ ಕ್ರೋಮೋಸೋಮ್ ವರದಿಗೆ ಕಾಯದೆ ಅಟ್ರಾ ಶುರು ಮಾಡಬೇಕು ಅನ್ನೋದು ತಜ್ಞರ ನಿಯಮ.

ಇನ್ನು ಇಂಜೆಕ್ಷನ್ ವಿಷಯ. ಜ್ವರ, ಸುಸ್ತು ಅಂತ ಹೋದ ಮಗುವಿಗೆ ಸ್ಟಿರಾಯ್ಡ್ ಚುಚ್ಚಿದರೆ ಲಿಂಫಾಯ್ಡ್ ಬ್ಲಾಸ್ಟ್‌ಗಳು ತಾತ್ಕಾಲಿಕವಾಗಿ ಕರಗುತ್ತವೆ. ಮಗು ಗೆಲುವಾಗುತ್ತೆ, ಮನೆಯವರು ಸುಮ್ಮನಾಗುತ್ತಾರೆ. ಆಮೇಲೆ ಮಜ್ಜೆ ಪರೀಕ್ಷಿಸಿದರೂ ರೋಗ ಸರಿಯಾಗಿ ಸಿಗದೇ ಹೋಗಬಹುದು. ಹಾಗಾಗಿ ಮೊದಲು ಕೊಟ್ಟ ಔಷಧಿಯ ಚೀಟಿ ಬಿಸಾಡಬೇಡಿ, ದೊಡ್ಡಾಸ್ಪತ್ರೆಗೆ ಒಯ್ಯಿರಿ. ಜೊತೆಗೆ ಸ್ಮಿಯರ್ ಗಾಜನ್ನೂ ಲ್ಯಾಬ್‌ನಿಂದ ಕೇಳಿ ಪಡೆಯಿರಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಹೊರಡುವ ಮೊದಲೇ ಬರೆಸಿಕೊಳ್ಳಿ.