ಮಗಳನ್ನು ಗೈಡಿಗೆ ಸೇರಿಸೋಣವೇ?

ಜೂನ್ ತಿಂಗಳಲ್ಲಿ ಶಾಲೆಗಳು ತೆರೆದು, ಹೊಸ ಪುಸ್ತಕಗಳಿಗೆಲ್ಲ ರಟ್ಟು ಹಾಕಿ ಮುಗಿಯುವ ಹೊತ್ತಿಗೆ ನಮ್ಮ ಎಷ್ಟೋ ಮನೆಗಳಿಗೆ ಶಾಲೆಯಿಂದ ಒಂದು ಚೀಟಿ ಬರುತ್ತದೆ. ಮಗಳು ಗೈಡ್ ಕಂಪನಿಗೆ ಸೇರಬೇಕೆನ್ನುತ್ತಾಳೆ, ಪಾಲಕರ ಒಪ್ಪಿಗೆಯ ರುಜು ಬೇಕು. ತಂದೆ ತಾಯಿಯ ಮುಖ ನೋಡುತ್ತಾರೆ, ತಾಯಿ ಅಜ್ಜಿಯ ಮುಖ ನೋಡುತ್ತಾಳೆ. “ಹೆಣ್ಣು ಹುಡುಗಿಗೆ ಅದೆಲ್ಲ ಯಾಕವ್ವಾ?” ಎಂದು ಅಜ್ಜಿ ಅಂದರೆ ಚೀಟಿ ರುಜುವಿಲ್ಲದೆಯೇ ಶಾಲೆಗೆ ಮರಳುತ್ತದೆ. ಈ ಸಲ ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣವೆಂದಿದ್ದೇವೆ.

ನಾಸಿಕವಾಗಲಿ, ಛತ್ರಪತಿ ಸಂಭಾಜಿನಗರವಾಗಲಿ, ನೌಕರಿ ವ್ಯಾಪಾರಗಳ ನಿಮಿತ್ತ ನಾವು ಬಂದು ನೆಲೆಸಿದ ಊರು. ಓಣಿಯ ತುದಿಗೆ ಸೋದರಮಾವನ ಮನೆಯಿಲ್ಲ, ಕರೆದರೆ ಓಡಿಬರುವ ಚಿಕ್ಕಮ್ಮನಿಲ್ಲ. ಆದ್ದರಿಂದ ಹೆಣ್ಣುಮಕ್ಕಳ ಮೇಲೆ ನಮ್ಮ ಕಾವಲು ಊರಿನಲ್ಲಿದ್ದಾಗಿನದಕ್ಕಿಂತ ಒಂದು ಕೈ ಹೆಚ್ಚೇ. ಶಾಲೆ, ಟ್ಯೂಶನ್, ಮನೆ: ಇಷ್ಟರೊಳಗೆ ಮಗು ಕ್ಷೇಮವಾಗಿರುತ್ತದೆ ನಿಜ. ಆದರೆ ಅಣ್ಣತಮ್ಮಂದಿರ ಮಕ್ಕಳ ಗುಂಪಿನಲ್ಲಿ ಆಡಿ ಬೆಳೆಯಬೇಕಾದವಳು ಒಂಟಿಯಾಗಿಯೂ ಇರುತ್ತಾಳೆ. ವರ್ಗಾವಣೆಯ ಮನೆಗಳಲ್ಲಂತೂ ಒಬ್ಬ ಗೆಳತಿ ದೊರೆಯುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಕಾಲ ಬಂದಿರುತ್ತದೆ.

ಗೈಡ್ ಚಳವಳಿ ಹುಟ್ಟಿದ ಬಗೆಯೇ ಸ್ವಾರಸ್ಯದ್ದು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬಾಲಕರ ಸ್ಕೌಟ್ ಮೇಳ ನಡೆದಾಗ, ಯಾರೂ ಕರೆಯದಿದ್ದರೂ ಕೆಲವರು ಹುಡುಗಿಯರು ಬಂದು ‘ನಾವೂ ಸ್ಕೌಟರೇ’ ಎಂದು ನಿಂತರು. ಹುಡುಗಿಯರು ಬಯಲಿನಲ್ಲಿ ಅಲೆಯುವುದು ಶೋಭೆಯಲ್ಲವೆಂದು ಅಲ್ಲಿನ ಹಿರಿಯರೂ ಮೂಗು ಮುರಿದರು. ಅಜ್ಜಿಯಂದಿರು ಎಲ್ಲ ದೇಶದಲ್ಲೂ ಒಂದೇ ನೋಡಿ! ಆದರೂ 1910ರಲ್ಲಿ ಬೇಡನ್ ಪೊವೆಲ್ಲರು ತಮ್ಮ ತಂಗಿ ಆಗ್ನೆಸಳ ಕೈಗೆ ಹುಡುಗಿಯರ ಪ್ರತ್ಯೇಕ ಸಂಸ್ಥೆಯನ್ನು ಒಪ್ಪಿಸಿದರು. ‘ಗೈಡ್’ ಎಂಬ ಹೆಸರು ಬಂದದ್ದು ಹಿಂದೂಸ್ಥಾನದ ವಾಯವ್ಯ ಗಡಿಯಲ್ಲಿದ್ದ ಗೈಡ್ಸ್ ದಳದಿಂದ. ಅಂದರೆ ಹೆಸರಾದರೂ ನಮ್ಮ ಕಡೆಯಿಂದಲೇ ಹೋದದ್ದು.

ನಮ್ಮ ದೇಶದ ಮೊದಲ ಗೈಡ್ ಕಂಪನಿ 1911ರಲ್ಲಿ ಜಬಲ್ಪುರದಲ್ಲಿ ಆರಂಭವಾಯಿತು. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗಿಯರಿಗೆ ಮಾತ್ರ. ಭಾರತೀಯ ಬಾಲೆಯರಿಗೆ ಬಾಗಿಲು ತೆರೆದದ್ದು 1916ರ ಸುಮಾರಿಗೆ. ಬಾಲಕರ ಸ್ಕೌಟ್ ದಳ 1909ರಲ್ಲೇ ನಮ್ಮ ಬೆಂಗಳೂರಿನಲ್ಲಿ ಮೊದಲಾಗಿತ್ತೆಂಬುದನ್ನು ಕನ್ನಡಿಗರು ನೆನೆಯಬೇಕು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. 1951ರ ಆಗಸ್ಟ್ 15ರಂದು ಗೈಡ್ ಸಂಸ್ಥೆಯೂ ಅದರಲ್ಲಿ ಕೂಡಿತು. ಜಗತ್ತಿನ ಗೈಡುಗಳ ಕೇಂದ್ರಗಳಲ್ಲೊಂದಾದ ‘ಸಂಗಮ್’ 1966ರಿಂದ ನಮಗೆ ಸಮೀಪದ ಪುಣೆಯಲ್ಲಿಯೇ ಇದೆ.

ಇನ್ನು ಅಲ್ಲಿ ಕಲಿಸುವುದೇನು? ಚಿಕ್ಕವರು ಬುಲ್‌ಬುಲ್‌ಗಳು; ಹತ್ತು ತುಂಬಿದವರು ಗೈಡುಗಳು. ಆರೆಂಟು ಮಂದಿಯದು ಒಂದು ಪೆಟ್ರೋಲ್, ಅದಕ್ಕೆ ಅವರಲ್ಲೇ ಒಬ್ಬಳು ನಾಯಕಿ. ಹಗ್ಗದ ಗಂಟುಗಳು, ಪ್ರಥಮ ಚಿಕಿತ್ಸೆ, ದಿಕ್ಸೂಚಿ ನೋಡುವುದು, ಬಯಲಿನಲ್ಲಿ ಒಲೆ ಹೂಡಿ ಅಡಿಗೆ ಮಾಡುವುದು, ದಿನಕ್ಕೊಂದು ಉಪಕಾರ. ಕೊರಳಿನ ಸ್ಕಾರ್ಫು ಬರಿಯ ಅಲಂಕಾರವಲ್ಲ; ಬಿಚ್ಚಿದರೆ ಮುರಿದ ತೋಳನ್ನು ತೂಗುಹಾಕುವ ಜೋಳಿಗೆಯಾಗುತ್ತದೆ. ಪ್ರವೇಶದಿಂದ ಆರಂಭಿಸಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಏರಿ, ರಾಜ್ಯ ಪುರಸ್ಕಾರವನ್ನು ದಾಟಿ, ರಾಷ್ಟ್ರಪತಿ ಪುರಸ್ಕಾರದವರೆಗೆ ಹೋಗಬಹುದು.

ತಾಯಂದಿರ ಶಂಕೆಗಳು ಮುಖ್ಯವಾಗಿ ಮೂರು. ಮೊದಲನೆಯದು ಧರ್ಮದ್ದು. ಪ್ರತಿಜ್ಞೆಯಲ್ಲಿ ದೇವರ ಮತ್ತು ದೇಶದ ಕಡೆಗಿನ ಕರ್ತವ್ಯದ ಮಾತಿದೆ. ಬೇಕಾದವರು ದೇವರು ಎಂಬಲ್ಲಿ ಧರ್ಮ ಎಂದೂ ಹೇಳಬಹುದು. ಯಾರ ಮನೆಯ ಪೂಜೆಗೂ ಅದು ಅಡ್ಡ ಬರುವುದಿಲ್ಲ.

ಎರಡನೆಯದು ಭಾಷೆಯದು. ‘ಮೊದಲೇ ಶಾಲೆಯಲ್ಲಿ ಮರಾಠಿ, ಇಂಗ್ಲಿಷು, ಇದೂ ಸೇರಿದರೆ ಮಗಳು ಕನ್ನಡ ಮರೆತಾಳು’ ಎಂಬ ಭಯ. ನಮಗೆ ತೋಚುವುದು ಇಷ್ಟು: ಕನ್ನಡ ಉಳಿಯಬೇಕಾದದ್ದು ನಮ್ಮ ಅಡಿಗೆಮನೆಯಲ್ಲಿ, ಊಟದ ಪಂಕ್ತಿಯಲ್ಲಿ. ಅಲ್ಲಿ ನಾವು ಆಡದ ಕನ್ನಡವನ್ನು ಗೈಡ್ ಕಂಪನಿ ಕಸಿದುಕೊಂಡಿತೆನ್ನುವುದು ನ್ಯಾಯವಲ್ಲ. ಬದಲಾಗಿ, ಸಂಭಾಜಿನಗರದ ಹುಡುಗಿಯೊಬ್ಬಳು ಗೆಳತಿಯರೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿ ವೇರುಳಕ್ಕೆ ಹೋದಳೆನ್ನಿ. ಕೈಲಾಸ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕೊರೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಆ ವಂಶ ಮುಂದೆ ನಮ್ಮ ಮಳಖೇಡದಿಂದ ಆಳಿತು ಎಂದು ಮನೆಯಲ್ಲಿ ಕೇಳಿದ್ದರೆ, ಆ ದಿನ ಮರಾಠಿ ಗೆಳತಿಯರಿಗೆ ಹೇಳುವವಳು ಅವಳೇ. ಹೇಳುವುದಕ್ಕೆ ಅವಳ ಬಳಿ ಏನಾದರೂ ಇರಬೇಕು. ಅದನ್ನು ಕೊಡುವ ಕೆಲಸ ನಮ್ಮದು.

ಮೂರನೆಯದು ಶಿಬಿರದ್ದು. ರಾತ್ರಿ ಹೊರಗೆ ತಂಗುವುದು! ಈ ಚಿಂತೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ; ಕಾಣಲೂ ಬಾರದು. ಆದರೆ ಚಿಂತೆಗೆ ಮದ್ದು ‘ಬೇಡ’ ಎಂಬ ಒಂದೇ ಮಾತಲ್ಲ, ಪ್ರಶ್ನೆ ಕೇಳುವುದು. ಹುಡುಗಿಯರೊಡನೆ ರಾತ್ರಿ ತರಬೇತಿ ಪಡೆದ ಮಹಿಳಾ ಕ್ಯಾಪ್ಟನ್ ಇರುತ್ತಾರೆಯೇ? ತಂಗುವ ಜಾಗ ಯಾವುದು, ನೀರು ಶೌಚಾಲಯಗಳ ಏರ್ಪಾಡೇನು? ಕಾಯಿಲೆಯಾದರೆ ಯಾವ ಆಸ್ಪತ್ರೆ? ಮನೆಗೆ ಸುದ್ದಿ ಮುಟ್ಟಿಸುವವರು ಯಾರು? ಈ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಕೊಡುವ ಕ್ಯಾಪ್ಟನ್ ಇದ್ದರೆ ಕಳಿಸಿರಿ. ಉತ್ತರ ಬಾರದಿದ್ದರೆ ಆ ಶಿಬಿರಕ್ಕೆ ಕಳಿಸದಿರುವುದೇ ಸರಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಎಲ್ಲ ಕಂಪನಿಗಳೂ ಒಂದೇ ತೆರನಾಗಿ ನಡೆಯುವುದಿಲ್ಲ. ಕೆಲವೆಡೆ ಸಮವಸ್ತ್ರ ಹೊರಬರುವುದು ಜನವರಿ 26ರ ಕವಾಯತಿಗೆ ಮಾತ್ರ. ಆದುದರಿಂದ ವಾರವಾರವೂ ಕೂಟ ನಡೆಯುತ್ತದೆಯೇ ಎಂದು ವಿಚಾರಿಸಿರಿ. ಸಮವಸ್ತ್ರ, ಶಿಬಿರದ ವಂತಿಗೆ ಎಂದು ಖರ್ಚೂ ಉಂಟು. ಮೊದಲೇ ಕೇಳಿಕೊಂಡರೆ ತಿಂಗಳ ಕೊನೆಗೆ ಪೇಚಾಟವಿಲ್ಲ.

ಇಷ್ಟೆಲ್ಲ ನೋಡಿ ಸೇರಿಸಿದರೆ ಬರುವ ಲಾಭವೇನು? ಗೈಡ್ ನಿಯಮಗಳಲ್ಲೊಂದು ಪ್ರತಿಯೊಬ್ಬ ಗೈಡನ್ನೂ ಇನ್ನೊಬ್ಬ ಗೈಡಿನ ಸೋದರಿಯೆಂದು ಎಣಿಸುತ್ತದೆ. ಎಡಗೈ ಕುಲುಕುವ ಅವರ ರೀತಿ, ಮೂರು ಬೆರಳಿನ ವಂದನೆ ನಾಸಿಕದಲ್ಲಿಯೂ ಅದೇ, ಸಂಭಾಜಿನಗರದಲ್ಲಿಯೂ ಅದೇ, ಧಾರವಾಡದಲ್ಲಿಯೂ ಅದೇ. 2022ರ ಡಿಸೆಂಬರಿನಲ್ಲಿ ನಮ್ಮ ಮೂಡಬಿದಿರೆಯಲ್ಲಿ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಹೊರನಾಡುಗಳಿಂದಲೂ ಮಕ್ಕಳು ಬಂದಿದ್ದರು. ತಂದೆಗೆ ವರ್ಗವಾಗಿ ಹೊಸ ಊರಿನ ಹೊಸ ಶಾಲೆಯ ಬಾಗಿಲಲ್ಲಿ ಅಳುಕುತ್ತ ನಿಂತ ಹುಡುಗಿಗೆ, ಅಲ್ಲಿಯೂ ಕಂಪನಿಯಿದ್ದರೆ, ಮೊದಲ ದಿನವೇ ಕುಳಿತುಕೊಳ್ಳಲು ಒಂದು ಜಾಗ ದೊರೆಯುತ್ತದೆ. ನಮ್ಮಂಥ ಮನೆಗಳಿಗೆ ಇದು ಸಣ್ಣ ಲಾಭವಲ್ಲ.

ಶಾಲೆಯಲ್ಲಿ ಕಂಪನಿಯೇ ಇಲ್ಲವೆನ್ನುವವರೂ ಇದ್ದಾರೆ. ಶಾಲೆಯ ಹೊರಗೆ ಘಟಕ ನಡೆಸುವುದಕ್ಕೂ ಅವಕಾಶವಿದೆ. ಜಿಲ್ಲಾ ಸಂಸ್ಥೆಯಲ್ಲಿ ವಿಚಾರಿಸಬೇಕು. ಅದಕ್ಕೆ ಮುಖ್ಯವಾಗಿ ಬೇಕಾದವರು ತರಬೇತಿ ಪಡೆದು ಕ್ಯಾಪ್ಟನ್ ಆಗಲು ಒಪ್ಪುವ ಹೆಂಗಸರು. ನಮ್ಮ ಬಳಗದಲ್ಲಿ ಮಕ್ಕಳು ದೊಡ್ಡವರಾಗಿ ಕೈ ಬಿಡುವಾದ ಅಕ್ಕಂದಿರು, ನಿವೃತ್ತ ಶಿಕ್ಷಕಿಯರು ಇಲ್ಲವೇ? ಇಬ್ಬರು ಮುಂದೆ ಬಂದರೂ ಸಾಕು. ಬರುವ ರಾಜ್ಯೋತ್ಸವದ ಕೂಟಕ್ಕೆ ಮೊದಲು ನಿಮ್ಮ ಹೆಸರನ್ನು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿರಿ. ಅಂದಿನ ಸಭೆಯಲ್ಲಿಯೇ ಈ ಮಾತನ್ನು ಮುಂದುವರಿಸೋಣ. ಅಜ್ಜಿಯಂದಿರನ್ನೂ ತಪ್ಪದೆ ಕರೆತನ್ನಿ. ಅವರ ಒಪ್ಪಿಗೆಯಿಲ್ಲದೆ ನಮ್ಮ ಮನೆಗಳಲ್ಲಿ ಯಾವ ಕೆಲಸ ತಾನೇ ಸಾಗೀತು?