ಒಂದು ಹಿಡಿ ಅಕ್ಕಿ



ಕನ್ನಡ ಬೈಬಲಿನಲ್ಲಿ ‘ನಂಬಿಗಸ್ತ’ ಎಂಬ ಒಂದು ಶಬ್ದ ಬರುತ್ತದೆ. ನಿಮ್ಮಲ್ಲಿ ಹಲವರು ಕೇಳಿರಲಿಕ್ಕಿಲ್ಲ. ಇಂಗ್ಲಿಷಿನಲ್ಲಿ ‘ಫೇತ್‌ಫುಲ್’ ಎನ್ನುವ ಕಡೆ ನಮ್ಮಲ್ಲಿ ಇದು ಬರುತ್ತದೆ. ಬಿ.ಎ.ಯಲ್ಲಿ ನಾನು ಓದಿದ್ದು ಇಂಗ್ಲಿಷಾದರೂ ಈ ಕನ್ನಡದ ಮಾತೇ ನನಗೆ ಹೆಚ್ಚು ಇಷ್ಟ. ನಂಬಿಗಸ್ತ ಎಂದರೆ ದೇವರನ್ನು ನಂಬುವವನು ಎಂದಷ್ಟೇ ಅಲ್ಲ, ನಂಬಿ ಕೆಲಸ ಒಪ್ಪಿಸಬಹುದಾದವನು. ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಯೇಸು ಈ ಮಾತನ್ನು ಆಡುವುದು ತೀರ ಚಿಕ್ಕ ವಿಷಯಗಳ ಬಗ್ಗೆ.

ಚಿಕ್ಕದು ಎಂದರೆ ಎಷ್ಟು ಚಿಕ್ಕದು? ಮಿಜೋರಾಮಿನ ಹೆಂಗಸರನ್ನು ಕೇಳಿದರೆ ‘ಒಂದು ಹಿಡಿ’ ಎಂದಾರು. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಮನೆಗಳಲ್ಲಿ 1910ರಿಂದ ಒಂದು ಪದ್ಧತಿ ನಡೆದು ಬಂದಿದೆ. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು. ಅದಕ್ಕೆ ‘ಬುಫಾಯ್ ಥಾಮ್’ ಎನ್ನುತ್ತಾರೆ, ಹಿಡಿ ಅಕ್ಕಿ ಎಂದೇ ಅರ್ಥ. ಸಭೆಯ ಹೆಂಗಸರು ಮನೆಮನೆಗೆ ಬಂದು ಅದನ್ನು ಕೂಡಿಸಿ ತರುತ್ತಾರೆ, ಮಾರಿ ಬಂದ ಹಣ ಸಭೆಯ ಸೇವೆಗೆ ಹೋಗುತ್ತದೆ. ಈಗ ಅದು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಆಗುತ್ತದೆ. ನೀವೇ ಲೆಕ್ಕ ಹಾಕಿ: ಹಿಡಿಗೆ 50 ಗ್ರಾಂ ಎಂದರೂ ದಿನಕ್ಕೆ ಎರಡು ಹೊತ್ತಿನಂತೆ ತಿಂಗಳಿಗೆ 3 ಕಿಲೋ, ಅದೂ ಒಂದೇ ಮನೆಯಿಂದ.

ಇದು ದೂರದ ಮಾತೆಂದು ತಿಳಿಯಬೇಡಿ. ನಮ್ಮ ಪಕ್ಕದ ಕೇರಳದಲ್ಲಿ ಇದಕ್ಕೆ ‘ಪಿಡಿಯರಿ’ ಎಂದು ಹೆಸರು. ಹಳಗನ್ನಡದ ‘ಪಿಡಿ’ಯೇ ನಮ್ಮ ‘ಹಿಡಿ’. ಇನ್ನು ‘ಅರಿ’ ಏನೆಂದು ಮನೆಯಲ್ಲಿ ತುಳು ಆಡುವವರಿಗೆ ನಾನು ಹೇಳಬೇಕಾಗಿಲ್ಲ. 2014ರಲ್ಲಿ ಸಂತರೆಂದು ಘೋಷಿತರಾದ ಕುರಿಯಾಕೋಸ್ ಎಲಿಯಾಸ್ ಚಾವರ (1805-1871) ಎಂಬ ಪಾದ್ರಿಗಳು ಪ್ರತಿ ಚರ್ಚಿನ ಪಕ್ಕದಲ್ಲೂ ಶಾಲೆ ಇರಬೇಕೆಂದು ಹಟ ಹಿಡಿದರು. ಬಡವರ ಮಕ್ಕಳು ಬರಬೇಕಾದರೆ ಮಧ್ಯಾಹ್ನ ಊಟ ಹಾಕಬೇಕಲ್ಲ? ಆ ಊಟಕ್ಕೆ ಅಕ್ಕಿ ಬಂದದ್ದು ಮನೆಗಳ ಈ ಹಿಡಿಯಿಂದ.

ಈ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಕೋಟಿಯ ಲೆಕ್ಕವಲ್ಲ. ನಾನೂ ಅಡುಗೆಮನೆಯವಳೇ ಆದ್ದರಿಂದ ಕಣ್ಣಿಗೆ ಬೀಳುವುದು ಬೇರೆ. ಹಿಡಿಯನ್ನು ಅಕ್ಕಿ ತೊಳೆಯುವ ಮುಂಚೆಯೇ ತೆಗೆಯಬೇಕು, ಉಂಡು ಮಿಕ್ಕಿದ್ದರಲ್ಲಿ ಅಲ್ಲ. ಯಜಮಾನರ ಮೇಲೆ ಸಿಟ್ಟು ಬಂದ ದಿನವೂ, ಹೇಳದೆ ನೆಂಟರು ಬಂದಿಳಿದ ದಿನವೂ, ಡಬ್ಬದ ತಳ ಕಾಣುವ ತಿಂಗಳ ಕೊನೆಯಲ್ಲೂ ತೆಗೆಯಬೇಕು. ಒಂದು ಹೊತ್ತು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅಕ್ಕಿ ಒಯ್ಯಲು ಬಂದವರು ಎಷ್ಟು ಸಲ ತಪ್ಪಿಸಿದೆ ಎಂದು ಕೇಳುವವರೂ ಅಲ್ಲ. ಆ ಡಬ್ಬದ ಲೆಕ್ಕ ಅವಳಿಗೂ ದೇವರಿಗೂ ಮಾತ್ರ ಗೊತ್ತು.

“ಆಂಟಿ, ದಿನಾ ಮಾಡಿದರೆ ಅದು ಬರೀ ಅಭ್ಯಾಸ ಆಗುವುದಿಲ್ಲವೇ? ಭಕ್ತಿ ಎಲ್ಲಿ?” ಎಂದು ನೀವು ಕೇಳಬಹುದು. ಆಗುತ್ತದೆ, ನಿಜ. ಆದರೆ ಭಕ್ತಿ ದಿನವೂ ಒಂದೇ ತೂಕದಲ್ಲಿ ಇರುವುದಿಲ್ಲ ಮಕ್ಕಳೇ. ಪ್ರಾರ್ಥನೆಗೆ ಕೂತರೆ ಬಾಯಿ ಒಣಗುವ ದಿನಗಳು ಬರುತ್ತವೆ, ನಿಮಗೂ ಬಂದಾವು. ಅಂಥ ದಿನ ಮನಸ್ಸು ಎಲ್ಲೋ ಇರುತ್ತದೆ, ಕೈ ಮಾತ್ರ ತನ್ನ ಪಾಡಿಗೆ ಡಬ್ಬದ ಕಡೆ ಹೋಗುತ್ತದೆ. ಆ ಕೈಯನ್ನು ನಾನು ಹಗುರವಾಗಿ ಕಾಣಲಾರೆ. ಎಷ್ಟೋ ಸಲ ಮನಸ್ಸು ಹಿಂತಿರುಗಿ ಬರುವುದು ಅದರ ಬೆನ್ನು ಹಿಡಿದೇ.

ಹಾಗೆಂದು ಚಿಕ್ಕದೆಲ್ಲ ಒಳ್ಳೆಯದೇ ಎಂದೂ ಅಲ್ಲ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲಿ ಒಂದು ಪಾಲನ್ನು ದೇವರಿಗೆ ಎಣಿಸಿ ಕೊಟ್ಟು, ನ್ಯಾಯವನ್ನೂ ಕರುಣೆಯನ್ನೂ ಮರೆತವರನ್ನು ಯೇಸು ಚೆನ್ನಾಗಿ ಬಯ್ದಿದ್ದಾನೆ (ಮತ್ತಾಯ 23ನೇ ಅಧ್ಯಾಯ ನೋಡಿ). ಜೀರಿಗೆ ಎಣಿಸುವವರು ನಮ್ಮ ನಡುವೆಯೂ ಇದ್ದಾರೆ, ಹೆಸರು ಬೇಡ. ಚಾವರರ ಶಾಲೆಯಲ್ಲಿ ಆ ಹಿಡಿ ಅಕ್ಕಿ ಒಂದು ಮಗುವಿನ ಎಲೆಗೆ ಅನ್ನವಾಗಿ ಬಿತ್ತು ಎಂಬುದನ್ನು ಮರೆಯಬಾರದು.

ನಿಮ್ಮ ಕಾಲಕ್ಕೆ ಫೋನಿನಲ್ಲೇ ದಾನ ಕೊಡಬಹುದು. ತಿಂಗಳು ತಿಂಗಳು ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡಿಟ್ಟವರೂ ಇದ್ದೀರಿ, ಒಳ್ಳೆಯದೇ, ಬಿಡಬೇಡಿ. ಆದರೆ ಭಾನುವಾರ ಫೋನ್ ಮಾಡುತ್ತೇನೆ ಎಂದು ಊರಿನ ಅಜ್ಜಿಗೆ ಹೇಳಿದ್ದು, ಕೆಳಗಿನ ಮನೆಯ ಒಂಟಿ ಮುದುಕರಿಗೆ ಔಷಧಿ ತಂದುಕೊಡುತ್ತೇನೆ ಎಂದದ್ದು, ಮಲಗುವ ಮುಂಚಿನ ಎರಡು ನಿಮಿಷದ ಪ್ರಾರ್ಥನೆ, ಇವನ್ನು ಯಾವ ಬ್ಯಾಂಕೂ ನಿಮ್ಮ ಪರವಾಗಿ ಕಟ್ಟುವುದಿಲ್ಲ.

ಈ ತಿಂಗಳು ನಿಮಗೊಂದು ಕೆಲಸ. ನೀವು ಕ್ರೈಸ್ತರಿರಲಿ, ಬೇರೆಯವರಿರಲಿ, ಅಜ್ಜಿ ಇದ್ದರೆ ಅವರನ್ನು, ಇಲ್ಲವಾದರೆ ಅಮ್ಮನನ್ನು ಕೇಳಿ: ಊರಿನ ಮನೆಯಲ್ಲಿ ಅಕ್ಕಿಯ ಡಬ್ಬದ ಪಕ್ಕ ಇನ್ನೊಂದು ಚಿಕ್ಕ ಡಬ್ಬವೋ ಮಡಕೆಯೋ ಇತ್ತೇ? ಅದು ಯಾರಿಗೆ ಹೋಗುತ್ತಿತ್ತು? ಅವರು ಹೇಳಿದ್ದನ್ನು ನನಗೆ ಬರೆದು ಕಳಿಸಿ. ಕನ್ನಡದ ಒತ್ತಕ್ಷರ ತಪ್ಪಿದರೂ ಅಡ್ಡಿಯಿಲ್ಲ, ತಿದ್ದಿಕೊಂಡು ಓದುತ್ತೇನೆ.