ಅರಿಯದ ಆಜ್ಞೆಗೆ ಮೌನವು ಉತ್ತರವಲ್ಲ

ಗಣಕಯಂತ್ರಕ್ಕೆ ಬರಹದ ಮೂಲಕ ಆಜ್ಞೆಯಿತ್ತು ಕೆಲಸ ಮಾಡಿಸುವ ಪದ್ಧತಿಗೆ ಕಮ್ಯಾಂಡ್ ಲೈನ್ ಎಂದು ಹೆಸರು. ಆ ಸಾಲಿನಲ್ಲಿ ಮೊದಲು ಪ್ರೋಗ್ರಾಮಿನ ಹೆಸರೂ, ಅನಂತರ ಕೆಲಸದ ರೀತಿಯನ್ನು ಸೂಚಿಸುವ ಆಯ್ಕೆಗಳೂ ಬರುತ್ತವೆ. ಆಯ್ಕೆಯ ಮುಂದೆ ಒಂದೋ ಎರಡೋ ಅಡ್ಡಗೆರೆಗಳನ್ನು ಇಡುವುದು ವಾಡಿಕೆ. ತನಗೆ ಪರಿಚಯವಿಲ್ಲದ ಆಯ್ಕೆಯೊಂದು ಎದುರಾದಾಗ ಪ್ರೋಗ್ರಾಮು ಏನು ಮಾಡತಕ್ಕದ್ದು? ಕಡೆಗಣಿಸಿ ಮುಂದುವರಿಯಬೇಕೆ, ಅಲ್ಲಿಯೇ ನಿಲ್ಲಬೇಕೆ? ನಿಲ್ಲಬೇಕೆಂಬುದೇ ನಮ್ಮ ಅಭಿಪ್ರಾಯ.

ಒಂದು ಕಡೆಯ ಕಡತಗಳನ್ನು ಇನ್ನೊಂದು ಕಡೆಗೆ ಪ್ರತಿಮಾಡುವ ‘ಆರ್‌ಸಿಂಕ್’ ಎಂಬ ಪ್ರೋಗ್ರಾಮನ್ನು ನೋಡೋಣ. ಅದಕ್ಕೆ ‘--ಡಿಲೀಟ್’ ಎಂದರೆ, ಮೂಲದಲ್ಲಿಲ್ಲದ ಕಡತಗಳನ್ನು ಪ್ರತಿಯಿಂದ ಅಳಿಸೆಂದು ಅರ್ಥ. ‘--ಡ್ರೈ-ರನ್’ ಎಂದರೆ, ಏನನ್ನೂ ಬದಲಿಸದೆ, ಏನಾಗುವುದೆಂಬುದನ್ನು ಮಾತ್ರ ತೋರಿಸೆಂದು ಅರ್ಥ. ಎರಡನ್ನೂ ಒಟ್ಟಿಗೆ ಕೊಡುವಾಗ ‘ಡ್ರೈ’ ಮತ್ತು ‘ರನ್’ಗಳ ನಡುವಿನ ಗೆರೆಯೊಂದು ಬಿಟ್ಟುಹೋಯಿತೆನ್ನಿ. ಪ್ರೋಗ್ರಾಮು ಅದನ್ನು ಕಡೆಗಣಿಸಿದ್ದರೆ, ಪರೀಕ್ಷೆಯೆಂದು ಬಗೆದದ್ದು ನಿಜವಾದ ನಾಶವೇ ಆಗುತ್ತಿತ್ತು. ಆರ್‌ಸಿಂಕ್ ಹಾಗೆ ಮಾಡದು. ಆ ಆಯ್ಕೆ ತನಗೆ ತಿಳಿಯದೆಂದು ಸಾರಿ, ಒಂದು ಕಡತವನ್ನೂ ಮುಟ್ಟದೆ ನಿಲ್ಲುತ್ತದೆ.

ಕಂಚು ಹಿತ್ತಾಳೆಗಳ ಎರಕಕ್ಕೆ ಹೆಸರಾದ ನಾಗಮಂಗಲದ ಕುಶಲಕರ್ಮಿಗಳಿಗೆ ಈ ವಿವೇಕವು ಹೊಸತಲ್ಲ. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದ ಮೇಲೆ ಅಚ್ಚಿನ ದೋಷವನ್ನು ಕಂಡು ಫಲವೇನು? ಪ್ರೋಗ್ರಾಮು ಸಹ ಸಾಲನ್ನೆಲ್ಲ ಓದಿ, ಒಪ್ಪಿದ ಮೇಲೆಯೇ ಕೆಲಸಕ್ಕೆ ಕೈಹಾಕತಕ್ಕದ್ದು.

ಎಟಿ ಅಂಡ್ ಟಿ ಸಂಸ್ಥೆಯು 1985ರಲ್ಲಿ ಸರ್ವರ ಉಪಯೋಗಕ್ಕೆ ಬಿಟ್ಟುಕೊಟ್ಟ ‘ಗೆಟ್‌ಆಪ್ಟ್’ ಎಂಬ ಸಾಧನವು, ಅರಿಯದ ಆಯ್ಕೆಯನ್ನು ಕಂಡಾಗ ದೋಷವನ್ನು ತಿಳಿಸಿ, ತನ್ನನ್ನು ಕರೆದ ಪ್ರೋಗ್ರಾಮಿಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಿಂದಿರುಗಿಸುತ್ತದೆ. ಕೆಲಸವನ್ನು ನಿಲ್ಲಿಸುವ ಹೊಣೆ ಮಾತ್ರ ಪ್ರೋಗ್ರಾಮು ಬರೆದವರದು. ಪೈಥಾನ್ ಭಾಷೆಯ ‘ಆರ್ಗ್‌ಪಾರ್ಸ್’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸರಿಯಾದ ಬಳಕೆಯನ್ನು ತೋರಿಸಿ, 2 ಎಂಬ ಸಂಕೇತದೊಡನೆ ತಾನೇ ಕೆಲಸವನ್ನು ಮುಗಿಸುತ್ತದೆ. ಆ ಸಂಕೇತದಿಂದ, ಅದನ್ನು ನಡೆಸಿದ ಬೇರೆ ಪ್ರೋಗ್ರಾಮಿಗೂ ಕೆಲಸ ಕೆಟ್ಟಿತೆಂದು ತಿಳಿಯುತ್ತದೆ.

ಇಷ್ಟು ಕಟ್ಟುನಿಟ್ಟಾದರೆ, ಹೊಸ ಆಯ್ಕೆಗಳನ್ನರಿಯದ ಹಳೆಯ ಪ್ರೋಗ್ರಾಮುಗಳು ಅಡಿಗಡಿಗೆ ನಿಲ್ಲುವುವಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದಕಾರಣವೇ ‘ಜಿಸಿಸಿ’ ಕಂಪೈಲರು, ಎಚ್ಚರಿಕೆಯೊಂದನ್ನು ಕೊಡಬೇಡವೆನ್ನುವ ಅಪರಿಚಿತ ಆಯ್ಕೆಯನ್ನು ಸಹಿಸಿಕೊಳ್ಳುತ್ತದೆ. ಬೇರೆ ದೋಷಗಳು ಕಂಡುಬಂದಾಗ ಮಾತ್ರ ಅದನ್ನೂ ಪ್ರಸ್ತಾಪಿಸುತ್ತದೆ. ಅಲ್ಲಿ ಕಡೆಗಣನೆಯಿಂದ ಹಾನಿಯಿಲ್ಲ. ಹಾನಿಯಿಲ್ಲದೆಡೆ ವಿನಾಯಿತಿ ಸಲ್ಲುತ್ತದೆ. ಅದೇ ನಿಯಮವಾಗುವುದು ಸಲ್ಲದು.

ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳು ತಮ್ಮ ಕೃತಿಗೆ ಬೇಕೆಂದೇ ಒಂದು ತಪ್ಪು ಆಯ್ಕೆಯನ್ನು ಕೊಟ್ಟು ನೋಡಲಿ. ಅದು ಮೌನವಾಗಿ ಮುಂದುವರಿದರೆ, ಕೆಲಸ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.